ಟ್ರ್ಯಾಪ್ ತುಂಬ ಸೊಳ್ಳೆ, ಪೂಲ್‌ಗಳೆಲ್ಲ ನೆಗೆಟಿವ್: ಎಡವಟ್ಟು ಎಲ್ಲಿ?

ಸಂಜೆಬಲೆ:
ಸೊಳ್ಳೆಗಳ ಮೂಲಕ ಹಕ್ಕಿಗಳಲ್ಲಿ ಹರಡುವ ವೆಸ್ಟ್ ನೈಲ್ ವೈರಸ್‌ಗಾಗಿ ಕ್ಯೂಲೆಕ್ಸ್ ಸೊಳ್ಳೆಗಳನ್ನು ಪರೀಕ್ಷಿಸುತ್ತಿದ್ದೇವೆ. ನಾಲ್ಕು ಸಿಡಿಸಿ ಲೈಟ್ ಟ್ರ್ಯಾಪ್ (ಬೆಳಕಿಗೆ ಬಂದ ಸೊಳ್ಳೆಯನ್ನು ಫ್ಯಾನ್‌ನಿಂದ ಚೀಲಕ್ಕೆ ಎಳೆಯುವ ಬಲೆ), ಒಂದೊಂದಕ್ಕೂ ಡ್ರೈ ಐಸ್, ವಾರಕ್ಕೊಂದು ರಾತ್ರಿ. ಇದುವರೆಗೆ 600 ಹೆಣ್ಣು ಸೊಳ್ಳೆ, 50ರಂತೆ 12 ಪೂಲ್ (ಒಟ್ಟಿಗೆ ಅರೆದು ಪರೀಕ್ಷಿಸುವ ಗುಂಪು). ವೈರಸ್‌ನ ಆರ್‌ಎನ್‌ಎ ಹುಡುಕುವ ಆರ್‌ಟಿ-ಪಿಸಿಆರ್‌ನಲ್ಲಿ ಹನ್ನೆರಡೂ ನೆಗೆಟಿವ್. ಅದೇ ಜಾಗದ ಸತ್ತ ಕಾಗೆಗಳಲ್ಲಿ ಮಾತ್ರ ವೈರಸ್ ಸಿಕ್ಕಿದೆ. ಬಲೆಚೀಲ ಬೆಳಗ್ಗೆ 7ಕ್ಕೆ ಬಿಚ್ಚುತ್ತೇವೆ, ವಿಂಗಡಿಸೋದು ಮಧ್ಯಾಹ್ನ. ಟ್ರ್ಯಾಪ್ ಬದಲಿಸಬೇಕಾ, ಇಲ್ಲಾ ಆ ಐದಾರು ಗಂಟೆಯ ಬಿಸಿಗೇ ಆರ್‌ಎನ್‌ಎ ಹಾಳಾಗ್ತಿದೆಯಾ?

ಹುಲ್ಲುನೀರು:
ಮೊದಲು ಟ್ರ್ಯಾಪ್ ನೋಡಿ. ಡ್ರೈ ಐಸ್‌ನ ಇಂಗಾಲದ ಡೈಆಕ್ಸೈಡ್‌ಗೆ ಬರೋದು ರಕ್ತ ಹುಡುಕುವ ಸೊಳ್ಳೆ. ಅದರಲ್ಲಿ ಎಷ್ಟೋ ಇನ್ನೂ ಒಂದು ಸಲವೂ ಕಚ್ಚಿರಲ್ಲ, ವೈರಸ್ ಬರೋದಾದರೂ ಎಲ್ಲಿಂದ? ಜೊತೆಗೆ ಗ್ರಾವಿಡ್ ಟ್ರ್ಯಾಪ್ ಇಡಿ. ಅಲ್ಲಿಗೆ ಬರೋದು ಮೊಟ್ಟೆ ಇಡಲು ಜಾಗ ಹುಡುಕುವ ಹೆಣ್ಣು, ಅಂದರೆ ರಕ್ತ ಕುಡಿದು ಅರಗಿಸಿಕೊಂಡದ್ದು.

ಒಣಹುಲ್ಲು, ನೀರು, ಚಿಟಿಕೆ ಯೀಸ್ಟ್ ಹಾಕಿ ಮುಚ್ಚಿ 5ರಿಂದ 7 ದಿನ ಕೊಳೆಯಲು ಬಿಡಿ. ಮುಚ್ಚಳ ತೆಗೆದರೆ ಮುಖ ತಿರುಗಿಸುವಷ್ಟು ನಾತ ಬರಬೇಕು, ಆಗಲೇ ಅದು ಕೆಲಸಕ್ಕೆ ಬರೋದು. ಟಬ್ಬಿಗೆ ಸುರಿದು, ಫ್ಯಾನ್ ಪೈಪಿನ ಬಾಯಿ ನೀರಿನಿಂದ ಒಂದೆರಡು ಇಂಚು ಮೇಲಿರುವಂತೆ ಕೂರಿಸಿ. ತೀರಾ ಹತ್ತಿರವಾದರೆ ನೀರನ್ನೇ ಎಳೆಯುತ್ತೆ, ದೂರವಾದರೆ ಸೊಳ್ಳೆ ಮೊಟ್ಟೆ ಇಟ್ಟು ಹಾಯಾಗಿ ಹೊರಟುಹೋಗುತ್ತೆ. ಮಳೆ ಬಂದರೆ ಮಟ್ಟ ಏರುತ್ತೆ, ಹಾಗಾಗಿ ಟಬ್ಬಿನ ಪಕ್ಕದಲ್ಲಿ ಒಂದು ತೂತು ಕೊರೆದಿಡಿ.

ಲೈಟ್ ಟ್ರ್ಯಾಪ್ ತೆಗೆಯಬೇಡಿ, ಆದರೆ ಎರಡರ ಲೆಕ್ಕ ಬೆರೆಸಬೇಡಿ. ಇರುವೆ ಹತ್ತಿದರೆ ಬೆಳಗ್ಗೆ ಚೀಲದಲ್ಲಿ ರೆಕ್ಕೆಗಳಷ್ಟೇ ಉಳಿದಿರುತ್ತವೆ. ತೂಗುಹಗ್ಗಕ್ಕೆ ಗ್ರೀಸ್ ಹಚ್ಚಿ. ಬಿಚ್ಚುವ ಮುಂಚೆ ಫ್ಯಾನ್ ತಿರುಗುತ್ತಿದೆಯಾ ನೋಡಿ. ಬ್ಯಾಟರಿ ನಡುರಾತ್ರಿ ಇಳಿದು ಫ್ಯಾನ್ ನಿಂತಿದ್ದರೆ ಒಳಗಿದ್ದವು ಹೊರಗೆ ಹೋಗಿರುತ್ತವೆ. ಅಂಥ ರಾತ್ರಿಗೆ ‘ಸೊನ್ನೆ’ ಅಂತಲ್ಲ, ‘ಟ್ರ್ಯಾಪ್ ಕೆಟ್ಟಿತ್ತು’ ಅಂತ ಬರೆಯಿರಿ.

ಪೂಲ್‌ಮೇಜು:
ಮಧ್ಯಾಹ್ನದವರೆಗಿನ ಬಿಸಿಯ ಮೇಲೆ ನನಗೆ ಅಷ್ಟು ಅನುಮಾನವಿಲ್ಲ. ಸತ್ತ ಸೊಳ್ಳೆಯಲ್ಲೂ ವೆಸ್ಟ್ ನೈಲ್ ಆರ್‌ಎನ್‌ಎ ಪಿಸಿಆರ್‌ಗೆ ಸಿಗುವಷ್ಟು ದಿನಗಟ್ಟಲೆ ಉಳಿಯುತ್ತೆ. ಸಾಯೋದು ಜೀವಂತ ವೈರಸ್. ಕಲ್ಚರ್ ಮಾಡಿ ವೈರಸ್ ಬೆಳೆಸುವುದಿದ್ದರೆ ಮಾತ್ರ ಚೀಲದಿಂದ ಡ್ರೈ ಐಸ್‌ಗೆ, ಅಲ್ಲಿಂದ ಮೈನಸ್ 80 ಡಿಗ್ರಿ ಫ್ರೀಜರ್‌ಗೆ ಅನ್ನೋ ಸರಪಳಿ ಕಡಿಯಬಾರದು. ಬಿಸಿಯ ನಿಜವಾದ ನಷ್ಟ ಬೇರೆ: ಒಣಗಿದ ಸೊಳ್ಳೆಯ ಕಾಲು ಮುರಿದು, ಹುರುಪೆ ಉದುರಿ, ಜಾತಿ ಗುರುತಿಸಲಾಗಲ್ಲ. ತಂಪು ಮೇಜಿನ ಮೇಲೇ ವಿಂಗಡಿಸಿ.

ನಾನು ಕೇಳೋದು, ನಿಮ್ಮ ನೆಗೆಟಿವ್ ನಂಬುವಂಥದ್ದಾ ಅಂತ. 50 ಸೊಳ್ಳೆ ಅರೆದರೆ ಗಂಜಿಯಂತಾಗುತ್ತೆ. ಕಣ್ಣಿನ ಬಣ್ಣ, ಹೊಟ್ಟೆಯ ರಕ್ತ ಎರಡೂ ಪಿಸಿಆರನ್ನು ತಡೆಯಬಲ್ಲವು. ಮಣಿ ಹಾಕಿ ಅರೆದು, ಸೆಂಟ್ರಿಫ್ಯೂಜ್ ಮಾಡಿ, ತಳದ ಗಷ್ಟು ಕದಡದೆ ಮೇಲಿನ ತಿಳಿ ಮಾತ್ರ ತೆಗೆಯಿರಿ. ಪ್ರತಿ ಪೂಲ್‌ಗೂ ಇಂಟರ್ನಲ್ ಕಂಟ್ರೋಲ್, ಅಂದರೆ ಗೊತ್ತಿರುವಷ್ಟು ಬೇರೆ ಆರ್‌ಎನ್‌ಎ, ಹಾಕಿ. ಅದರ ಸಿಟಿ ಮೌಲ್ಯ (ಸಿಗ್ನಲ್ ಕಾಣಿಸಿಕೊಳ್ಳುವ ಪಿಸಿಆರ್ ಸೈಕಲ್) ಸೊಳ್ಳೆಯಿಲ್ಲದ ಟ್ಯೂಬಿಗಿಂತ ಮೂರು ಸೈಕಲ್ ತಡವಾಗಿ ಬಂದರೆ ಆರ್‌ಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿ ಮತ್ತೆ ಓಡಿಸಿ.

ರಕ್ತ ತುಂಬಿದ ಸೊಳ್ಳೆಗಳ ಪೂಲ್ ಬೇರೆ ಮಾಡಿ. ಅದು ಪಾಸಿಟಿವ್ ಬಂದರೆ ಸೋಂಕು ಸೊಳ್ಳೆಯದೋ ಅದು ಕುಡಿದ ಹಕ್ಕಿರಕ್ತದ್ದೋ ಹೇಳಲಾಗಲ್ಲ.

ಸಾವಿರಕ್ಕೆಷ್ಟು:
ಎಲ್ಲ ಸರಿಯಿದ್ದರೂ 600ರಲ್ಲಿ ಸೊನ್ನೆ ಬರೋದು ಆಶ್ಚರ್ಯವೇನಲ್ಲ. ಒಂದೂ ಪಾಸಿಟಿವ್ ಸಿಗದಾಗ ಸೋಂಕಿನ ದರದ 95% ವಿಶ್ವಾಸದ ಮೇಲ್ಮಿತಿ ಸುಮಾರು 3 ಭಾಗಿಸು ಒಟ್ಟು ಸೊಳ್ಳೆ. ಇಲ್ಲಿ 3/600, ಅಂದರೆ ಸಾವಿರಕ್ಕೆ 5. ಸಾವಿರಕ್ಕೆ 1ಕ್ಕಿಂತ ಕಡಿಮೆ ಅಂತ ಹೇಳಬೇಕಾದರೆ 3000 ಸೊಳ್ಳೆ ಬೇಕು.

ಮುಂದೆ ಪಾಸಿಟಿವ್ ಬಂದಾಗ, ಪಾಸಿಟಿವ್ ಪೂಲ್ ಭಾಗಿಸು ಒಟ್ಟು ಸೊಳ್ಳೆ, ಗುಣಿಸು 1000: ಇದು ಕನಿಷ್ಠ ಸೋಂಕಿನ ದರ. ಪೂಲ್‌ಗೆ ಒಂದೇ ಸೋಂಕಿತ ಸೊಳ್ಳೆ ಅಂತ ಅದು ಭಾವಿಸುತ್ತೆ, ಹಾಗಾಗಿ ಅರ್ಧದಷ್ಟು ಪೂಲ್ ಪಾಸಿಟಿವ್ ಆದರೆ ತೀರಾ ಕಡಿಮೆ ತೋರಿಸುತ್ತೆ. ಆಗ ಒಂದೇ ಪೂಲ್‌ನಲ್ಲಿ ಹಲವು ಸೋಂಕಿತ ಸೊಳ್ಳೆ ಇರಬಹುದೆಂದು ಲೆಕ್ಕ ಹಾಕುವ ಮ್ಯಾಕ್ಸಿಮಮ್ ಲೈಕ್ಲಿಹುಡ್ ವಿಧಾನ ಹಿಡಿಯಿರಿ.

ಇನ್ನು ಕಾಗೆ. ಅದು ಸತ್ತ ಜಾಗವೇ ಸೋಂಕು ತಗುಲಿದ ಜಾಗ ಆಗಿರಬೇಕಿಲ್ಲ, ರೆಕ್ಕೆ ಇದೆಯಲ್ಲ.

ಸಂಜೆಬಲೆ:
ಕಂಟ್ರೋಲ್ ಹಾಕಿರಲೇ ಇಲ್ಲ. ಉಳಿದ ಆರ್‌ಎನ್‌ಎ ಮೈನಸ್ 80ರಲ್ಲಿದೆ, ಅದನ್ನೇ ಮೊದಲು ತೆಳು ಮಾಡಿ ಓಡಿಸ್ತೀವಿ. ಹುಲ್ಲು ಇವತ್ತೇ ನೆನೆಹಾಕಿದ್ದೇವೆ. ಡೆಂಗಿಗೂ ಇದೇ ಸಾಮಾನು ನಡೆಯುತ್ತಾ?

ಹುಲ್ಲುನೀರು:
ನಡೆಯಲ್ಲ. ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ಹಗಲು ಕಚ್ಚುತ್ತೆ, ಲೈಟಿಗೆ ಅಷ್ಟಾಗಿ ಬರಲ್ಲ. ಈಡಿಸ್ ಹಿಡಿಯಲೆಂದೇ ಇರುವ ಬಿಜಿ-ಸೆಂಟಿನೆಲ್ ಟ್ರ್ಯಾಪನ್ನು ನೆರಳಲ್ಲಿ, ಗಾಳಿ ಹೊಡೆಯದ ಕಡೆ, ನೆಲದ ಮೇಲೇ ಇಡಿ.