ಅಪ್‌ಡೇಟ್: ಕೂಚಿ ಸುರಂಗಕ್ಕೆ ಅಮ್ಮನೂ ಇಳಿದರು

ವಿಯೆಟ್ನಾಂ ಯುದ್ಧದಲ್ಲಿ ಗೆರಿಲ್ಲಾಗಳು ಅಡಗಿ ಹೋರಾಡಿದ ಅಲ್ಲಿನ ಕೂಚಿ ಸುರಂಗಗಳಿಗೆ ಗುಂಪು ಪ್ರವಾಸದಲ್ಲಿ ಹೊರಟಿದ್ದೇವೆ, ನೂಕುನುಗ್ಗಲೆಂದರೆ ಅಮ್ಮನಿಗೆ ಉಸಿರು ಕಟ್ಟುತ್ತದೆ, ಏನು ಮಾಡಲಿ ಎಂದು ಕೇಳಿದ್ದೆನಲ್ಲ? ಹೋಗಿಬಂದೆವು.

ಸುರಂಗ ನೋಡಲು ಎರಡು ತಾಣಗಳಿವೆ. ಅವುಗಳಲ್ಲಿ ಜನ ಕಡಿಮೆಯಿರುವ ಬೆನ್ ಡುವೊಕ್‌ಗೆ ಹೋಗಿ ಎಂಬ ಸಲಹೆ ನಡೆಯಲಿಲ್ಲ. ನಮ್ಮ ಬಸ್ ಹೋಗುವುದು ಹೋ ಚಿ ಮಿನ್ ನಗರಕ್ಕೆ ಹತ್ತಿರದ ಇನ್ನೊಂದು ತಾಣವಾದ ಬೆನ್ ದಿನ್‌ಗೆ ಮಾತ್ರ. ಬೇಗ ಹೊರಟರೂ ಅಷ್ಟರಲ್ಲಿ ಬಸ್ಸುಗಳ ಸಾಲೇ ನಿಂತಿತ್ತು. ಕೈಹಿಡಿದದ್ದು ‘ಎಲ್ಲರಿಗಿಂತ ಕೊನೆಗೆ ಇಳಿಯಿರಿ, ಮೊದಲು ಸಿಕ್ಕ ದಾರಿಯಲ್ಲೇ ಮೇಲೆ ಬನ್ನಿ’ ಎಂಬ ಮಾತು. ಹೇಳಿದವರಿಗೆ ಅಮ್ಮನ ಪರವಾಗಿಯೂ ಧನ್ಯವಾದ. ಹಿಂದಿನಿಂದ ತಳ್ಳುವವರಿಲ್ಲದೆ, ಗೋಡೆ ಸವರುತ್ತ ಬಗ್ಗಿ ನಡೆದು ಅಮ್ಮ ನಿರಾಳವಾಗಿ ಹೊರಬಂದರು. ಪ್ರವಾಸಿಗರಿಗಾಗಿ ಸುರಂಗವನ್ನು ಅಗಲ ಮಾಡಿದ್ದಾರೆ, ಆದರೂ ಸೆಕೆ ವಿಪರೀತ.

ಗಾಳಿಕಿಂಡಿಗಳನ್ನು ಗೆದ್ದಲು ಹುತ್ತದಂತೆ ಮರೆಮಾಚಿದ್ದರೆಂಬುದು ನನಗೆ ಗೊತ್ತಿರಲಿಲ್ಲ. ಕೊನೆಯಲ್ಲಿ ಯುದ್ಧಕಾಲದ ಆಹಾರವೆಂದು ಬೇಯಿಸಿದ ಮರಗೆಣಸು, ಶೇಂಗಾಪುಡಿ ಕೊಟ್ಟರು. ಅಮ್ಮ ಇನ್ನೊಂದು ತುಂಡು ಕೇಳಿ ತಿಂದರು.