ಮಗಳಿಗೆ ಡಿಸೈನ್ ಓದಬೇಕಂತೆ. ಕೋರೆಲ್ ಡ್ರಾ ಸಾಫ್ಟ್‌ವೇರ್ ನಮ್ಮ ಅಂಗಡಿಯಲ್ಲೇ ಇದೆ, ನಾಲ್ಕು ವರ್ಷ ಕಾಲೇಜು ಯಾಕೆ?

ಸಾಗರದ ಪ್ರಿಂಟರ್:

ನಮಸ್ಕಾರ. ಸಾಗರದಲ್ಲಿ ನಮ್ಮದು ಫ್ಲೆಕ್ಸ್, ಲಗ್ನಪತ್ರಿಕೆ, ಬಿಲ್ ಬುಕ್ಕಿನ ಅಂಗಡಿ. ಮಗಳು ಸೆಕೆಂಡ್ ಪಿಯುಸಿ ಸೈನ್ಸ್. ಮಾರ್ಕ್ಸಿಗೇನೂ ತೊಂದರೆ ಇಲ್ಲ, ಆದರೆ ಇಂಜಿನಿಯರಿಂಗಿಗೆ ಹೋಗಲ್ಲ ಅಂತ ಕೂತಿದಾಳೆ. ಒಂದು ದಿನ ಬಿವಿಎ (ದೃಶ್ಯಕಲೆಯ ಡಿಗ್ರಿ) ಅಂತಾಳೆ, ಇನ್ನೊಂದು ದಿನ ಬಿ.ಡೆಸ್ (ಡಿಸೈನ್ ಡಿಗ್ರಿ), ಅದಕ್ಕೆ ಯುಸೀಡ್ ಅನ್ನೋ ಪ್ರವೇಶ ಪರೀಕ್ಷೆ ಅಂತಾಳೆ. ನಾನು ಹಳೇ ಪೇಜ್‌ಮೇಕರ್ ಸಾಫ್ಟ್‌ವೇರ್ ಕಾಲದಿಂದ ಇದೇ ಕೆಲಸದಲ್ಲಿ ಇದ್ದವನು, ಯಾವ ಕಾಲೇಜಿಗೂ ಹೋದವನಲ್ಲ. ಅಂಗಡಿ ಹುಡುಗರಿಗೆ ಕೋರೆಲ್ ಡ್ರಾ ನಾನೇ ಕಲಿಸಿದ್ದು. ಮೊನ್ನೆ ಅಡಿಕೆ ಮಂಡಿಯ ಬೋರ್ಡ್ ನೋಡಿ "ಅಪ್ಪಾ, ಇದರಲ್ಲಿ ಇಷ್ಟು ಬಣ್ಣ ಯಾಕೆ?" ಅಂದಳು. ಗಿರಾಕಿ ಕೇಳ್ತಾನೆ, ಹಾಕ್ತೀವಿ ಮಾರಾಯ್ರೇ. ನಿಜಕ್ಕೂ ಈ ಕಾಲೇಜುಗಳಲ್ಲಿ ಏನು ಕಲಿಸ್ತಾರೆ? ಓದಿದವರು ಯಾರಾದ್ರೂ ಇದ್ರೆ ಹೇಳಿ.

ಮಸಾಲೆ ಪ್ಯಾಕೆಟ್:

ಅಣ್ಣ, ನಾನು ಮೈಸೂರಿನ ಕಾವಾದಲ್ಲಿ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ, ಅಪ್ಲೈಡ್ ಆರ್ಟ್ (ಜಾಹೀರಾತು, ಪ್ಯಾಕೆಟ್ಟಿನಂಥ ಕೆಲಸದ ಕಲೆ) ಓದಿದವಳು. ಈಗ ಬೆಂಗಳೂರಿನಲ್ಲಿ ಪ್ಯಾಕೇಜಿಂಗ್ ಕೆಲಸ. ಸಾಂಬಾರ್ ಪುಡಿ, ಅಗರಬತ್ತಿ, ಚಿಕ್ಕಿ ಡಬ್ಬ, ಇಂಥವೇ.

ಒಂದು ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ಸರಿ. ಸಾಫ್ಟ್‌ವೇರ್ ಕಲಿಯೋಕೆ ಕಾಲೇಜು ಬೇಡ. ಬ್ರೋಷರ್ ತುಂಬಾ ಫೋಟೋಶಾಪ್, ಇಲ್ಲಸ್ಟ್ರೇಟರ್ ಅಂತಲೇ ಬರೆದುಕೊಂಡಿರೋ ಕಾಲೇಜು ಕಂಡರೆ ಅಲ್ಲಿಗೆ ದುಡ್ಡು ಕಟ್ಟಬೇಡಿ. ಅದನ್ನ ಮಗಳಿಗೆ ನೀವೇ ಕಲಿಸ್ತೀರಿ.

ನಮಗೆ ಮೊದಲ ವರ್ಷ ಕಂಪ್ಯೂಟರಿನ ಮಾತೇ ಇರಲಿಲ್ಲ. ಎದುರಿಗಿಟ್ಟ ವಸ್ತು ನೋಡಿ ಬಿಡಿಸೋ ಸ್ಟಿಲ್ ಲೈಫ್, ಮಣ್ಣಿನ ಕೆಲಸ, ದೇವರಾಜ ಮಾರ್ಕೆಟ್ಟಲ್ಲಿ ಹೂವಿನವರ ಎದುರು ಕೂತು ಸ್ಕೆಚ್. ಅವರು ಒಂದು ಕ್ಷಣ ಅಲ್ಲಾಡದೆ ಕೂರಲ್ಲ, ಹಾಗಾಗಿ ಕೈ ತಾನಾಗೇ ಚುರುಕಾಗುತ್ತೆ. ಆಮೇಲೆ ಅಕ್ಷರ. ಚಪ್ಪಟೆ ಬ್ರಶ್, ಪೋಸ್ಟರ್ ಕಲರ್, ಡ್ರಾಯಿಂಗ್ ಶೀಟ್. ಒಂದೇ ಅಕ್ಷರವನ್ನ ಮೇಷ್ಟ್ರು ಒಪ್ಪುವ ತನಕ ಬರೀಬೇಕು. ಅದು ಶಿಕ್ಷೆ ಅನ್ನಿಸ್ತಿತ್ತು. ಈಗ ನನ್ನ ಅನ್ನ ನಡೀತಿರೋದೇ ಅದರಿಂದ.

ಯಾಕೆ ಅಂತ ಹೇಳ್ತೀನಿ. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತೆ. "ರಾಷ್ಟ್ರ", "ಸ್ತ್ರೀ" ಬರೆದು ನೋಡಿ, ಎರಡೆರಡು ಒತ್ತು. ಇಂಗ್ಲಿಷಿಗೆ ಕೊಟ್ಟಷ್ಟೇ ಸಾಲಿನ ಅಂತರ ಕನ್ನಡಕ್ಕೂ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. ಎಷ್ಟೋ ಪ್ಯಾಕೆಟ್‌ಗಳಲ್ಲಿ ಮೊದಲು ಇಂಗ್ಲಿಷ್ ಹೆಸರು ಕೂರಿಸ್ತಾರೆ, ಮಿಕ್ಕ ಸಂದಿಯಲ್ಲಿ ಕನ್ನಡ ತುರುಕ್ತಾರೆ. ಜಾಗ ಸಾಲದಾಗ ಅಕ್ಷರವನ್ನ ಅಡ್ಡಕ್ಕೆ ಅಮುಕ್ತಾರೆ. ಅಮುಕಿದಾಗ ನಿಂತ ಗೆರೆ ತೆಳ್ಳಗಾಗುತ್ತೆ, ಮಲಗಿದ ಗೆರೆ ದಪ್ಪಗೇ ಉಳಿಯುತ್ತೆ, ದೂರದಿಂದ ಓದೋಕಾಗಲ್ಲ. ಫ್ಲೆಕ್ಸಲ್ಲೂ ಇದೇ ಆಗುತ್ತೆ, ನಿಮಗೆ ಗೊತ್ತಿರುತ್ತೆ. ಕೈಯಲ್ಲಿ ಅಕ್ಷರ ಬರೆದು ಬಂದವರ ಕಣ್ಣಿಗೆ ಇದು ತಕ್ಷಣ ಕಾಣುತ್ತೆ, ಬೇರೆಯವರಿಗೆ ತೋರಿಸಿದ ಮೇಲೂ ಕೆಲವು ಸಲ ಕಾಣಲ್ಲ.

ಇನ್ನೊಂದು ಜ್ಯೂರಿ. ಮಾಡಿದ್ದನ್ನೆಲ್ಲ ಗೋಡೆಗೆ ಅಂಟಿಸಿ ಪಕ್ಕದಲ್ಲಿ ನಿಲ್ಲಬೇಕು. ಹೊರಗಿಂದ ಬಂದವರು ಈ ಕೆಂಪು ಯಾಕೆ, ಈ ಜಾಗ ಯಾಕೆ ಖಾಲಿ ಅಂತ ಕೇಳ್ತಾರೆ. "ಚೆನ್ನಾಗಿ ಕಾಣುತ್ತೆ" ಅಂದರೆ ಮುಗೀತು ಕಥೆ. ನಿಮ್ಮ ಮಗಳು ಮಂಡಿ ಬೋರ್ಡಿಗೆ ಕೇಳಿದ್ದೂ ಅದೇ ಪ್ರಶ್ನೆ ಅಲ್ವಾ? ಅಂಗಡಿಯಲ್ಲಿ ಆ ಪ್ರಶ್ನೆಗೆ ಪುರುಸೊತ್ತಿಲ್ಲ, ಸಂಜೆ ಡೆಲಿವರಿ ಕೊಡಬೇಕು. ಕಾಲೇಜಲ್ಲಿ ನಾಲ್ಕು ವರ್ಷ ಗಿರಾಕಿ ಇರಲ್ಲ. ನನ್ನ ಲೆಕ್ಕದಲ್ಲಿ ಫೀಸು ಕಟ್ಟೋದು ಅದಕ್ಕೆ.

ಕಾಲೇಜುಗಳ ವಿಷಯ. ಬಿವಿಎಗೆ ಕಾವಾ ಇದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜಿದೆ, ದಾವಣಗೆರೆಯಲ್ಲಿ ವಿಶ್ವವಿದ್ಯಾಲಯದ್ದೇ ದೃಶ್ಯಕಲಾ ಕಾಲೇಜಿದೆ, ಕಲಬುರಗಿಯಲ್ಲೂ ಇದೆ. ಅರ್ಜಿಯಲ್ಲಿ ಒಂದು ಕಡೆ ಹುಷಾರು: ಕಲಾ ಕಾಲೇಜಿನಲ್ಲಿ "ಗ್ರಾಫಿಕ್ಸ್" ಅಂತಿದ್ದರೆ ಅದು ಎಚಿಂಗ್, ವುಡ್‌ಕಟ್, ಲಿಥೋ, ಅಂದರೆ ಲೋಹ, ಮರ, ಕಲ್ಲಿನ ಮೇಲೆ ಚಿತ್ರ ಮಾಡಿ ಅಚ್ಚೊತ್ತೋ ಪ್ರಿಂಟ್‌ಮೇಕಿಂಗ್. ನಿಮ್ಮ ಮಗಳಿಗೆ ಬೇಕಾಗಿರೋದು ಅಪ್ಲೈಡ್ ಆರ್ಟ್, ಅನ್ವಯಿಕ ಕಲೆ. ನಮ್ಮ ಬ್ಯಾಚಲ್ಲೇ ಒಬ್ಬ ಕಂಪ್ಯೂಟರ್ ಗ್ರಾಫಿಕ್ಸ್ ಅಂದ್ಕೊಂಡು ಆ ವಿಭಾಗ ಸೇರಿ, ಆಸಿಡ್ಡಲ್ಲಿ ತಾಮ್ರದ ತಟ್ಟೆ ಅದ್ದುತ್ತಾ ನಿಂತಿದ್ದ. ಈಗ ಅವನು ಒಳ್ಳೇ ಪ್ರಿಂಟ್‌ಮೇಕರ್, ಅದು ಬೇರೆ ವಿಷಯ.

ಫೀಸಿಗಿಂತ ಸಾಮಾನಿನ ಖರ್ಚು ಬಾಧಿಸುತ್ತೆ. ಪೇಪರ್, ಬಣ್ಣ, ಬ್ರಶ್, ಪ್ರಿಂಟೌಟ್. ಪ್ರಿಂಟೌಟ್ ನಿಮಗೆ ಮನೆಯದೇ, ಪುಣ್ಯವಂತರು.

ಡ್ರಾಯಿಂಗ್ ಮೇಷ್ಟ್ರು:

ಮೇಲಿನ ತಂಗಿ ಚೆನ್ನಾಗಿ ಹೇಳಿದ್ದಾರೆ. ನಾನು ಹಾವೇರಿ ಕಡೆ ಹೈಸ್ಕೂಲ್ ಚಿತ್ರಕಲಾ ಶಿಕ್ಷಕ. ಎರಡು ಮಾತು. ಸರ್ಕಾರಿ ಡ್ರಾಯಿಂಗ್ ಮೇಷ್ಟ್ರ ಕೆಲಸ ಸಿಗುತ್ತೆ ಅಂತ ಯಾರಾದರೂ ಬಿವಿಎಗೆ ಸೇರಿಸಿ ಅಂದರೆ ನಂಬಬೇಡಿ, ನೇಮಕಾತಿ ಯಾವಾಗ ಆಗುತ್ತೋ ದೇವರೇ ಬಲ್ಲ. ಓದೋ ಆಸೆಯಿದ್ದರೆ ಮಾತ್ರ ಕಳಿಸಿ.

ಎರಡನೇದು, ಸಾಗರದಲ್ಲಿದ್ದುಕೊಂಡು ಮಗು ಪಿಂಟರೆಸ್ಟ್ ನೋಡಿ ಕಾಪಿ ಮಾಡ್ತಾ ಕೂರಬಾರದು. ನಿಮ್ಮೂರಲ್ಲಿ ಗುಡಿಗಾರರು ಇನ್ನೂ ಗಂಧದ ಕೆತ್ತನೆ ಮಾಡ್ತಾರೆ. ಒಂದು ಮಧ್ಯಾಹ್ನ ಹೋಗಿ ಉಳಿ ಹಿಡಿದ ಕೈಯನ್ನ ಸ್ಕೆಚ್ ಮಾಡಲಿ. ದೀವರ ಸಮುದಾಯದ ಮನೆಗಳಲ್ಲಿ ಹಸೆ ಚಿತ್ತಾರ ಇದೆ: ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೂ ಬರೀತಾರೆ. ಆ ಹೆಂಗಸರು ಇಟ್ಟ ಗೆರೆಯ ಲೆಕ್ಕ ನಮ್ಮ ಕಾಲೇಜಿನ ಕಾಂಪೊಸಿಷನ್ ಕ್ಲಾಸಿಗಿಂತ ಗಟ್ಟಿ. ಅವರ ಹತ್ತಿರ ಕೂತು ಕೇಳಿ, ಕೇಳಿದ್ದನ್ನ ಚಿತ್ರದ ಪಕ್ಕ ಬರೆದಿಟ್ಟುಕೊಂಡ್ರೆ ಇಂಟರ್‌ವ್ಯೂನಲ್ಲಿ ಮಾತಾಡೋಕೆ ಅವಳಿಗೇ ಸ್ವಂತದ್ದು ಇರುತ್ತೆ.

ಬಿ.ಡೆಸ್ ಮೂರನೇ ವರ್ಷ:

ನಾನು ಬೆಂಗಳೂರಿನ ಒಂದು ಖಾಸಗಿ ಡಿಸೈನ್ ಸಂಸ್ಥೆಯಲ್ಲಿ ಕಮ್ಯುನಿಕೇಶನ್ ಡಿಸೈನ್ ಓದ್ತಿದೀನಿ. ವರ್ಷಕ್ಕೆ ಲಕ್ಷಗಳಲ್ಲೇ ಫೀಸು, ಅಂಕಲ್. ಮನೆಯಲ್ಲಿ ಸಾಲ ಮಾಡಿದ್ದಾರೆ. ಹಾಗಾಗಿ ಮೊದಲು ಸರ್ಕಾರಿ ಸೀಟಿಗೆ ಪ್ರಯತ್ನ ಮಾಡೋದೇ ಒಳ್ಳೇದು.

ಯುಸೀಡ್ ನಡೆಸೋದು ಐಐಟಿ ಬಾಂಬೆ. ಎ ಭಾಗ ಕಂಪ್ಯೂಟರಲ್ಲಿ, ಬಿ ಭಾಗ ಕೈಯಲ್ಲಿ ಚಿತ್ರ ಬಿಡಿಸೋದು. ಸೈನ್ಸೇ ಆಗಬೇಕಂತಿಲ್ಲ. ಒಬ್ಬರಿಗೆ ಎರಡೇ ಅವಕಾಶ, ಅದೂ ಬೆನ್ನುಬೆನ್ನಿನ ವರ್ಷಗಳಲ್ಲಿ. ಎನ್‌ಐಡಿಗೆ, ಅಂದರೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ, ಬೇರೆ ಪರೀಕ್ಷೆ, ಪ್ರಿಲಿಮ್ಸ್ ಆಮೇಲೆ ಮೇನ್ಸ್. ಬೆಂಗಳೂರಿನಲ್ಲೇ ಎನ್‌ಐಡಿ ಇದೆ ಅಂತ ಖುಷಿಪಡಬೇಡಿ, ಇಲ್ಲಿ ಎಂ.ಡೆಸ್ (ಡಿಗ್ರಿ ಆದಮೇಲಿನದು) ಮಾತ್ರ. ಎರಡಕ್ಕೂ ಅರ್ಜಿ ಪಿಯುಸಿ ರಿಸಲ್ಟಿಗಿಂತ ಎಷ್ಟೋ ತಿಂಗಳು ಮೊದಲೇ ಮುಗಿಯುತ್ತೆ. ನಮ್ಮ ಊರುಗಳಲ್ಲಿ ಇದು ಗೊತ್ತಾಗೋ ಹೊತ್ತಿಗೆ ತಡವಾಗಿರುತ್ತೆ.

ಬಿವಿಎಗೂ ಬಿ.ಡೆಸ್‌ಗೂ ಏನು ವ್ಯತ್ಯಾಸ ಅಂದ್ರೆ, ನಮ್ಮಲ್ಲಿ ಚಿತ್ರ ಕಡಿಮೆ, ವಿಚಾರಿಸೋದು ಜಾಸ್ತಿ. ಮೆಜೆಸ್ಟಿಕ್‌ನಲ್ಲಿ ಬಸ್ ಹುಡುಕೋರ ಹಿಂದೆ ಓಡಾಡಿ, ಯಾವ ಬೋರ್ಡ್ ನೋಡ್ತಾರೆ, ಯಾರನ್ನ ಕೇಳ್ತಾರೆ ಅಂತ ಬರ್ಕೊಂಡು ಬಂದ್ವಿ. ಹೆಚ್ಚಿನವರು ಬೋರ್ಡ್ ನೋಡೋದೇ ಇಲ್ಲ, ಕಂಡಕ್ಟರನ್ನ ಕೇಳ್ತಾರೆ! ಹೀಗೆ ಗಮನಿಸೋದು ಹೊಸದಲ್ಲ. 1958ರಲ್ಲಿ ಅಮೆರಿಕದ ಡಿಸೈನರ್ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ನಮ್ಮ ಸರ್ಕಾರಕ್ಕೆ ಒಂದು ವರದಿ ಬರೆದಿದ್ರು, ಅದರ ಮೇಲೇ 1961ರಲ್ಲಿ ಅಹಮದಾಬಾದಿನ ಎನ್‌ಐಡಿ ಶುರುವಾಗಿದ್ದು. ಅದರಲ್ಲಿ ನಮ್ಮ ತಂಬಿಗೆಯನ್ನ ಹೊಗಳಿ ಬರೆದಿದ್ದಾರೆ: ತೂಕ, ಹಿಡಿತ, ನೀರು ಸುರಿಯೋ ಬಾಯಿ. ಅಕ್ಕ ಮಾಡಿರೋ ಅಕ್ಷರದ ಅಭ್ಯಾಸ ಮಾತ್ರ ನಮಗೆ ಅಷ್ಟು ಸಿಗಲ್ಲ, ಅದಕ್ಕೆ ಹೊಟ್ಟೆಕಿಚ್ಚಿದೆ.

ಸಾಗರದ ಪ್ರಿಂಟರ್:

ಎಲ್ಲರಿಗೂ ಥ್ಯಾಂಕ್ಸ್. ಮಗಳು ಓದಿ "ನೋಡಿದ್ರಾ" ಅಂತ ನಗ್ತಾ ಇದಾಳೆ. ಯುಸೀಡ್ ಅರ್ಜಿ ಹಾಕಿ, ಕಾವಾಕ್ಕೂ ಪ್ರಯತ್ನ ಮಾಡೋದು ಅಂತ ಮಾತಾಗಿದೆ. ಅವಳಮ್ಮ ಇನ್ನೂ ಒಪ್ಪಿಲ್ಲ. ತಂಗೀ, ಒಂದು ನನ್ನ ಪ್ರಶ್ನೆ. ಇವಳು ಫೋಟೋಶಾಪಲ್ಲಿ ಯೂನಿಕೋಡ್ (ಮೊಬೈಲಲ್ಲಿ ಬಳಸೋ ಥರದ ಕನ್ನಡ ಅಕ್ಷರ) ಹಾಕಿದ್ರೆ ಒತ್ತಕ್ಷರ ಬಿಡಿಬಿಡಿಯಾಗಿ ಒಡೆದು ಬರುತ್ತೆ. ನುಡಿ ಫಾಂಟಲ್ಲಿ ಸರಿ ಇದೆ. ಹಳೇದೇ ವಾಸಿ ಅಲ್ವಾ?

ಮಸಾಲೆ ಪ್ಯಾಕೆಟ್:

ಅಲ್ಲ ಅಣ್ಣ. ಫೋಟೋಶಾಪ್ ಹಳೇ ಆವೃತ್ತಿಯದಾದರೆ ಪ್ರಿಫರೆನ್ಸಸ್‌ನಲ್ಲಿ ಟೈಪ್ ಅಂತ ಇರುತ್ತೆ, ಅಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಬೇಕು. ಪುಟ ಜೋಡಿಸೋ ಇನ್‌ಡಿಸೈನಲ್ಲಿ ಪ್ಯಾರಾಗ್ರಾಫ್ ಪ್ಯಾನಲ್ಲಿನ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಇದೆ. ಅಷ್ಟು ಮಾಡಿದರೆ ಒತ್ತು ಸರಿಯಾಗಿ ಕೂರುತ್ತೆ. ನುಡಿಯಂಥ ಹಳೇ ಆಸ್ಕಿ ಫಾಂಟಲ್ಲಿ ಮಾಡಿದ್ದನ್ನ ವಾಟ್ಸಾಪಿಗೆ ಕಾಪಿ ಮಾಡಿದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತೆ, ನೋಡಿರ್ತೀರಿ. ಅನೇಕ್ ಕನ್ನಡ ಅಂತ ಏಕ್ ಟೈಪ್‌ನವರ ಫಾಂಟ್ ಗೂಗಲ್ ಫಾಂಟ್ಸಲ್ಲಿ ಪುಕ್ಕಟೆ ಸಿಗುತ್ತೆ. ಅದರಲ್ಲಿ ಅಗಲವನ್ನೂ ದಪ್ಪವನ್ನೂ ಬೇರೆ ಬೇರೆ ಹೆಚ್ಚುಕಮ್ಮಿ ಮಾಡಬಹುದು, ಜಾಗ ಸಾಲದಾಗ ಅಕ್ಷರ ಅಮುಕೋ ಅಗತ್ಯ ಬೀಳಲ್ಲ. ದಪ್ಪನೆಯ ಹೆಡ್ಡಿಂಗಿಗೆ ಅವರದೇ "ಬಲೂ ತಮ್ಮ" ಫಾಂಟ್ ನೋಡಿ. ಅವಳಮ್ಮನಿಗೆ ಮಾತಾಡಬೇಕು ಅನ್ನಿಸಿದ್ರೆ ನನಗೆ ಇಲ್ಲೇ ಮೆಸೇಜ್ ಮಾಡಿ, ನಮ್ಮಮ್ಮನೂ ಇದೇ ಜಗಳ ಆಡಿದವರೇ.