ಜ್ವರಾನೇ ಇಲ್ಲ, ಆದರೂ ಅಪ್ಪಾಜಿಗೆ ಕೊರೊನಾ ಪಾಸಿಟಿವ್

ಪ್ರಶ್ನೆ (ನಿಟುವಳ್ಳಿ, ದಾವಣಗೆರೆ): ಮೇಡಂ, ನಮಸ್ಕಾರ. ಅಪ್ಪಾಜಿಗೆ 74 ವರ್ಷ, ಶುಗರ್, ಬಿಪಿ ಎರಡೂ ಇದೆ. ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದು ಅಡ್ಮಿಟ್ ಆಗಿದ್ದಾರೆ. ಆಪರೇಷನ್‌ಗೆ ಮುಂಚೆ ಟೆಸ್ಟ್ ಮಾಡಿದರೆ ಕೊರೊನಾ ಬಂದಿದೆ. ಜ್ವರ, ಕೆಮ್ಮು ಏನೂ ಇಲ್ಲ. ಊಟ ಬೇಡ ಅಂತಾರೆ, ರಾತ್ರಿ ಏನೇನೋ ಮಾತಾಡ್ತಾರೆ. ನನಗೂ ಬಂದಿತ್ತು, ನಾಲ್ಕು ದಿನಕ್ಕೆ ಸರಿಹೋಯ್ತು. ಅಪ್ಪಾಜಿ ವಿಷಯದಲ್ಲಿ ಡಾಕ್ಟ್ರು ಯಾಕೆ ಇಷ್ಟು ಯೋಚನೆ ಮಾಡ್ತಿದ್ದಾರೆ?

ಉತ್ತರ (ಫಿಸಿಷಿಯನ್): ಊಟ ಬಿಟ್ಟಿದ್ದು, ರಾತ್ರಿ ಬಡಬಡಿಸೋದು, ಇವೆರಡನ್ನೂ ಈಗಲೇ ವಾರ್ಡಿನ ಸಿಸ್ಟರ್‌ಗೆ ಹೇಳಿ. ಊಟ ಮಾಡದೆ ಶುಗರ್ ಗುಳಿಗೆ ನುಂಗಿದ್ದರೆ ಶುಗರ್ ಇಳಿದೂ ಹಾಗೆ ಮಾತಾಡಬಹುದು. ಬೆರಳು ಚುಚ್ಚಿ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತೆ. ಅದು ಸರಿ ಇದ್ದರೆ ಕೊರೊನಾ ಮೇಲೂ ಅನುಮಾನ ಇಡಬೇಕು. ವಯಸ್ಸಾದವರಿಗೆ ಜ್ವರ ಬಂದೇ ಬರಬೇಕು ಅಂತಿಲ್ಲ. ಸುಸ್ತು, ಗಲಿಬಿಲಿ, ಆಯ ತಪ್ಪಿ ಬೀಳೋದು, ಇಷ್ಟೇ ಇರಬಹುದು. ಬಚ್ಚಲಲ್ಲಿ ಕಾಲು ಜಾರಿತಾ, ತಲೆ ಸುತ್ತಿತಾ ಅಂತಲೂ ಕೇಳಿ ನೋಡಿ.

ನಿಮಗೂ ಅವರಿಗೂ ಇರೋ ದೊಡ್ಡ ವ್ಯತ್ಯಾಸ ವಯಸ್ಸು. 2020ರ ಫೆಬ್ರವರಿಯಲ್ಲಿ ಚೀನಾ ಕೊಟ್ಟ ಲೆಕ್ಕದಲ್ಲಿ ಖಚಿತವಾದ ಸೋಂಕಿತರಲ್ಲಿ ಒಟ್ಟು ಸಾವು ಶೇ. 2.3. ಎಪ್ಪತ್ತರ ಹರೆಯದವರಲ್ಲಿ ಶೇ. 8, ಎಂಬತ್ತು ದಾಟಿದವರಲ್ಲಿ ಶೇ. 14.8. ಶುಗರ್ ಇದ್ದವರಲ್ಲಿ ಶೇ. 7.3, ಹೃದಯದ ಕಾಯಿಲೆ ಇದ್ದವರಲ್ಲಿ ಶೇ. 10.5, ಯಾವ ಕಾಯಿಲೆಯೂ ಇಲ್ಲದವರಲ್ಲಿ ಶೇ. 0.9. ಇದು ಲಸಿಕೆ ಬರೋ ಮುಂಚಿನ ಮಾತು, ಈಗ ಅಷ್ಟು ಭಯ ಬೇಡ. ಆದರೆ ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ ಅನ್ನೋದು ಬದಲಾಗಿಲ್ಲ. ಶುಗರ್, ಬಿಪಿ ಇರೋರಲ್ಲಿ ಬಹಳ ಮಂದಿ ವಯಸ್ಸಾದವರೇ ಅಲ್ವಾ, ಹಾಗಾಗಿ ಆ ಅಂಕಿಗಳಲ್ಲಿ ವಯಸ್ಸಿನ ಪಾಲೂ ಸೇರಿರುತ್ತೆ.

ಪ್ರಶ್ನೆ (ಅವರೇ): ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿದರೆ ಬೇಗ ಗುಣ ಆಗುತ್ತಂತೆ, ಕೇಳಲಾ?

ಉತ್ತರ: ಬೇಡ. ಬ್ರಿಟನ್ನಿನಲ್ಲಿ 2020ರಲ್ಲಿ ನಡೆದ ರಿಕವರಿ ಅನ್ನೋ ಔಷಧ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್ ಅನ್ನೋ ಸ್ಟಿರಾಯ್ಡ್ ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರರಲ್ಲಿ ಒಂದು ಪಾಲು ತಗ್ಗಿಸಿತು. ಆಕ್ಸಿಜನ್ ಬೇಡದವರಿಗೆ ಲಾಭವೇ ಕಾಣಲಿಲ್ಲ. ಸೋಂಕಿಗೇ ಶುಗರ್ ಏರುತ್ತೆ, ಸ್ಟಿರಾಯ್ಡ್ ಬಿದ್ದರೆ ಇನ್ನೂ ಜಾಸ್ತಿ. 2021ರಲ್ಲಿ ಕಪ್ಪು ಶಿಲೀಂಧ್ರ ಶುಗರ್ ಇದ್ದವರನ್ನೇ ಹೆಚ್ಚು ಕಾಡಿದ್ದು ನೆನಪಿದೆಯಲ್ಲ.

ಪ್ರಶ್ನೆ (ಹಿರಿಯೂರು): ಅಮ್ಮ ಬಿಪಿಗೆ ಟೆಲ್ಮಿಸಾರ್ಟನ್ ಗುಳಿಗೆ ತಗೋತಾರೆ. ಕೊರೊನಾ ಬಂದರೆ ನಿಲ್ಲಿಸಬೇಕಂತೆ, ಹೌದಾ ಮೇಡಂ?

ಉತ್ತರ: ನೀವಾಗಿ ನಿಲ್ಲಿಸಬೇಡಿ. ಅದು 2020ರ ಹಳೇ ಗುಮಾನಿ, ನಿಜ ಅಂತ ಸಾಬೀತಾಗಲಿಲ್ಲ. ಆದರೆ ಅಡ್ಮಿಟ್ ಮಾಡುವಾಗ ಗುಳಿಗೆ ಸ್ಟ್ರಿಪ್‌ಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ. "ಬಿಳಿ ಗುಳಿಗೆ, ಸಣ್ಣದು" ಅಂದರೆ ನಮಗೇನೂ ತಿಳಿಯಲ್ಲ. ಶುಗರ್‌ಗೆ ಡಾಪಾಗ್ಲಿಫ್ಲೋಜಿನ್ ಇದ್ದರೆ ಮೊದಲು ಅದನ್ನೇ ತೋರಿಸಿ. ಊಟ ಸೇರದಾಗ ಅದನ್ನು ನಿಲ್ಲಿಸಿ ಇನ್ಸುಲಿನ್ ಕೊಡಬೇಕಾಗಬಹುದು.

ಪ್ರಶ್ನೆ (ದಾವಣಗೆರೆ): ಮಾವ ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು. ವಯಸ್ಸು 56. ಶುಗರ್, ಬಿಪಿ ಇಲ್ಲ. ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತೆ, ಅಷ್ಟೇ. ಇದೂ ಕಾಯಿಲೆ ಲೆಕ್ಕವಾ?

ಉತ್ತರ: ಖಂಡಿತ. ವರ್ಷಗಟ್ಟಲೆ ಹೊಗೆ ಕುಡಿದ ಶ್ವಾಸಕೋಶಕ್ಕೆ ಸೋಂಕು ತಡೆದುಕೊಳ್ಳೋ ಶಕ್ತಿ ಕಡಿಮೆ. "ಬೇರೆ ಏನಾದ್ರೂ ಕಾಯಿಲೆ ಇದೆಯಾ" ಅಂದಾಗ ಮನೆಯವರು ಇದನ್ನು ಹೇಳೋದೇ ಇಲ್ಲ. ಆರಾಮಾಗಿ ಇರುವಾಗಲೇ ಒಮ್ಮೆ ಆಕ್ಸಿಮೀಟರ್ ಹಾಕಿ ಎಷ್ಟಿದೆ ಅಂತ ಬರೆದಿಡಿ. ಕೆಲವರಿಗೆ ದಿನವೂ 92 ಇರುತ್ತೆ. ಅಂಥವರಿಗೆ ಆಕ್ಸಿಜನ್ ಸಿಕ್ಕಾಪಟ್ಟೆ ಕೊಟ್ಟರೂ ತೊಂದರೆ, 88ರಿಂದ 92ರೊಳಗೆ ಇಡ್ತೀವಿ. ಮೊದಲಿನ ಅಂಕಿ ಗೊತ್ತಿದ್ದರೆ ಕ್ಯಾಶುವಾಲ್ಟಿಯಲ್ಲಿ ಇರೋ ಡಾಕ್ಟರ್‌ಗೆ ಬಹಳ ಅನುಕೂಲ.